ಸಮ-ಬೆಸದ ಬೀದಿಯಲ್ಲಿ ನಾಗಣ್ಣನ ಕಾರು

ಹೋದ ಜನವರಿಯಲ್ಲಿ ನಮ್ಮ ನಾಗಣ್ಣನ ಕಾರು ಒಟ್ಟು ಒಂಬೈನೂರು ಅಡಿ ಪ್ರಯಾಣ ಮಾಡಿತು. ಅಷ್ಟಕ್ಕೂ ಒಂದು ಹನಿ ಪೆಟ್ರೋಲು ಖರ್ಚಾಗಲಿಲ್ಲ, ನಾಗಣ್ಣನಿಗೆ ತಿಳಿದ ಮಟ್ಟಿಗೆ. ಖರ್ಚಾದದ್ದು ಹಾಲು, ಸಕ್ಕರೆ, ಟೀಪುಡಿ. ಏಕೆಂದರೆ ಆ ಒಂಬೈನೂರು ಅಡಿಯನ್ನೂ ಬೀದಿಯ ಜನ ಕೈಯಲ್ಲಿ ತಳ್ಳಿ ದಾಟಿಸಿದ್ದು. ತಳ್ಳಿದವರಿಗೆಲ್ಲ ಅವನ ಹೆಂಡತಿ ಮುದ್ದಕ್ಕ ಟೀ ಕೊಟ್ಟದ್ದು.

ಇದರಲ್ಲಿ ಪಂಚಾಯಿತಿಯ ತಪ್ಪೇನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಚಿಕ್ಕಜಾಜೂರಿನ ಆಚೀಚೆಯ ಒಂದು ಸಣ್ಣ ಪೇಟೆ. ನಮ್ಮ ಬೀದಿಯ ಅಗಲ ಎಷ್ಟೆಂದರೆ, ಎರಡು ಎತ್ತಿನ ಗಾಡಿ ಎದುರುಬದುರು ಬಂದರೆ ಎತ್ತುಗಳು ಪರಸ್ಪರ ಮೂಗು ತಾಗಿಸಿ ಯೋಗಕ್ಷೇಮ ವಿಚಾರಿಸಿಕೊಂಡು ಹೋಗಬೇಕು. ಅಂಥದರಲ್ಲಿ ಎರಡೂ ಕಡೆ ಬೈಕು, ಆಟೊ, ಕಾರು. ಒಂದು ಸಂತೆಯ ದಿನ ಈರುಳ್ಳಿ ಲಾರಿಯೊಂದು ಮಧ್ಯೆ ಸಿಕ್ಕಿಕೊಂಡು, ಅದರ ಡ್ರೈವರು ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಸ್ನಾನ ಮಾಡಿ, ಹುಸೇನ್ ಬೀಯವರ ಮನೆಯಲ್ಲಿ ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದು ಹೋದ. ಆಮೇಲೆ ಪಂಚಾಯಿತಿಯವರು ಎರಡು ನೀಲಿ ಫಲಕ ನೆಟ್ಟರು. ನಾಗಣ್ಣನ ಮನೆ ಕಡೆ, 'ಬೆಸ ದಿನಾಂಕಗಳಂದು ಮಾತ್ರ ವಾಹನ ನಿಲುಗಡೆ'. ಎದುರಿಗೆ, ಮಹಮ್ಮದ್ ಗೌಸ್ ಸಾಬರ ಹಾಸಿಗೆ ಅಂಗಡಿ ಕಡೆ, 'ಸಮ ದಿನಾಂಕಗಳಂದು ಮಾತ್ರ'. ಒಂದು, ಮೂರು, ಐದಕ್ಕೆ ಈ ಕಡೆ. ಎರಡು, ನಾಲ್ಕು, ಆರಕ್ಕೆ ಆ ಕಡೆ. ಜನವರಿ ಒಂದರಿಂದ ಜಾರಿ.

ಊರಿಗೆಲ್ಲ ಇದು ವಾಹನದ ಪ್ರಶ್ನೆಯಾಗಿತ್ತು. ನಾಗಣ್ಣನಿಗೆ ಮಾತ್ರ ಸಂಸಾರದ ಪ್ರಶ್ನೆಯಾಯಿತು.

ಅದರ ಮೂಲ ಮೂವತ್ತಾರು ವರ್ಷದ ಹಿಂದಿನ ಒಂದು ತುತ್ತು ಉಪ್ಪಿಟ್ಟಿನಲ್ಲಿದೆ. ನಾಗಣ್ಣ ಬಿ.ದುರ್ಗಕ್ಕೆ ಮುದ್ದಕ್ಕನನ್ನು ನೋಡಲು ಹೋದಾಗ, ಸಂಬಂಧ ಕುದುರಿಸಿದ ಎತ್ತಪ್ಪ ಎಂಬಾತ, "ಹುಡುಗ ಲಾರಿ ಆಫೀಸಲ್ಲಿ ಗುಮಾಸ್ತ. ಲೆಕ್ಕಾನೂ ಬರೀತಾನೆ, ಗಾಡೀನೂ ಓಡಿಸ್ತಾನೆ" ಎಂದುಬಿಟ್ಟ. ನಾಗಣ್ಣನಿಗೆ ಲಾರಿಯ ಚಕ್ರ ಎಷ್ಟೆಂದು ಗೊತ್ತಿತ್ತು, ಅಷ್ಟೇ. ಇಲ್ಲ ಎನ್ನಬೇಕೆಂದರೆ ಬಾಯಿ ತುಂಬ ಉಪ್ಪಿಟ್ಟು. ಮಾವನಾಗುವವರು "ಹೌದೇನಪ್ಪ?" ಎಂದು ಕೇಳಿದರು. ನಾಗಣ್ಣ ನುಂಗುವ ಯತ್ನದಲ್ಲಿ ಕತ್ತು ಮುಂದೆ ಮಾಡಿದ. ಅದನ್ನು ಎಲ್ಲರೂ ಒಪ್ಪಿಗೆಯೆಂದು ತಿಳಿದರು. ಮಾವ ಊರಿಗೆಲ್ಲ ಹೇಳಿಕೊಂಡು ಬಂದರು: "ನನ್ನ ಅಳಿಯ ಡ್ರೈವಿಂಗ್ ಬಲ್ಲೋನು. ಇವತ್ತಲ್ಲ ನಾಳೆ ನನ್ನ ಮಗಳನ್ನ ಗಾಡೀಲಿ ಬಾಗಿಲ ತಂಕ ಕರ್ಕಂಡ್ ಬರ್ತಾನೆ ನೋಡ್ರಿ."

ಆ ನಾಳೆ ಬರಲಿಲ್ಲ. ಮುದ್ದಕ್ಕ ಮೂವತ್ತಾರು ವರ್ಷವೂ ಬಸ್ಸಿನಲ್ಲಿ ಹೋಗಿ, ಇಳಿದು, ತಲೆಯ ಮೇಲೊಂದು ಕಂಕುಳಲ್ಲೊಂದು ಚೀಲ ಇಟ್ಟುಕೊಂಡು ತವರಿನ ಬಾಗಿಲು ಮುಟ್ಟಿದಳು. ಅಪ್ಪ ಜಗುಲಿಯಲ್ಲಿ ಕೂತು ಅವಳ ಹಿಂದೆ ಗಾಡಿ ಇದೆಯೇನೋ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವರು ಹೋಗಿ ಎಂಟು ವರ್ಷವಾಯಿತು. ನಾಗಣ್ಣ ಮಾತ್ರ, ಗಾಡಿಯೇ ಇಲ್ಲದ ಮೇಲೆ ಓಡಿಸಲು ಬಾರದು ಅನ್ನುವುದು ಯಾರಿಗೆ ತಿಳಿಯಬೇಕು ಎಂದು ನಿಶ್ಚಿಂತನಾಗಿದ್ದ.

ಹೀಗಿರುವಾಗ ಡಿಸೆಂಬರಿನಲ್ಲಿ ಅವನ ನಿವೃತ್ತಿಯಾಯಿತು. ಲಾರಿ ಆಫೀಸಿನ ಯಜಮಾನರು ಹಾರ ಹಾಕಿ, ಕಣ್ಣೊರೆಸಿಕೊಂಡು, "ನಮ್ಮ ನಾಗಣ್ಣ ಡ್ರೈವಿಂಗ್ ಗೊತ್ತಿದ್ರೂ ಒಂದು ದಿನ ಗಾಡಿ ಕೇಳಿದೋನಲ್ಲ" ಎಂದು ತಮ್ಮ ಹಳೇ ಮಾರುತಿ ಕಾರಿನ ಕೀಲಿಯನ್ನು ಅವನ ಕೈಗಿಟ್ಟರು. ಅವತ್ತೂ ಅವನ ಬಾಯಲ್ಲಿ ಲಾಡು ಇತ್ತು.

ಯಜಮಾನರ ಡ್ರೈವರು ಕಾರನ್ನು ತಂದು ಮನೆ ಮುಂದೆ ನಿಲ್ಲಿಸಿ ಹೋದ. ನಾಗಣ್ಣ ದಿನಾ ಎರಡು ಹೊತ್ತು ಅದನ್ನು ಒರೆಸಿದ. ಹಿಂದಿನ ಸೀಟಿನಲ್ಲಿ ಕೂತು ಪೇಪರು ಓದಿದ. ಮುಂದಿನ ಸೀಟಿನತ್ತ ಮಾತ್ರ ಸುಳಿಯಲಿಲ್ಲ.

"ಏನ್ರಿ, ಬಿ.ದುರ್ಗಕ್ಕೆ ಹೋಗಾಣ?" ಎಂದಳು ಮುದ್ದಕ್ಕ.

"ಇಂಜಿನ್ನು ಹೊಸ ಜಾಗಕ್ಕೆ ಹೊಂದ್ಕಬೇಕು. ಸ್ವಲ್ಪ ದಿನ ಬಿಡು."

"ಕಾಟಲಿಂಗ ಫೋನ್ ಮಾಡಿದ್ದ. ಹೊಸ ಮನೆ ಗೃಹಪ್ರವೇಶ ಅಂತೆ, ಫೆಬ್ರವರಿ ಒಂದಕ್ಕೆ. 'ಅಕ್ಕಾ, ಭಾವ ಈ ಸಲನಾದ್ರೂ ಕಾರಲ್ಲಿ ಕರ್ಕಂಡ್ ಬರ್ತಾರೋ, ಇಲ್ಲ ಬಸ್‌ಸ್ಟ್ಯಾಂಡಿಗೆ ಸೈಕಲ್ ಕಳಿಸ್ಲೋ' ಅಂತಾನೆ."

"ಕಾರಲ್ಲೇ ಬರ್ತೀವಿ ಅಂತ ಹೇಳು ನಿನ್ನ ತಮ್ಮನಿಗೆ!" ಎಂದ ನಾಗಣ್ಣ. ಈ ಸಲ ಅವನ ಬಾಯಲ್ಲಿ ಏನೂ ಇರಲಿಲ್ಲ. ಅಭ್ಯಾಸಬಲ.

ಮುದ್ದಕ್ಕನಿಗೆ ಮೂವತ್ತಾರು ವರ್ಷದ ಮಾತು ನಡೆಯುವ ದಿನ ಬಂತು. ನಾಗಣ್ಣನಿಗೆ ಮೂವತ್ತಾರು ವರ್ಷದ ಸುಳ್ಳು ಬೀಳುವ ದಿನ ಬಂತು. ದಿನಾಂಕ ಇಬ್ಬರಿಗೂ ಒಂದೇ.

ಅಷ್ಟರಲ್ಲಿ ನೀಲಿ ಫಲಕಗಳು ಬಂದವಲ್ಲ. ಜನವರಿ ಎರಡರ ಬೆಳಿಗ್ಗೆ ಕಾರು ಆ ಕಡೆ ಹೋಗಬೇಕು. ನಾಗಣ್ಣ ಮುಂಜಾನೆಯೇ ಎದ್ದು, ಬಾನೆಟ್ಟು ತೆಗೆದು, ತನಗೆ ಬಹಳ ಮುಖ್ಯವೆಂದು ಕಂಡ ಒಂದು ಸಣ್ಣ ಕೊಳವೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆಮೇಲೆ ಬೀದಿಗೆಲ್ಲ ಕೇಳುವಂತೆ, "ಥೂ ಇದರ! ಸ್ಟಾರ್ಟೇ ಆಗ್ತಿಲ್ವಲ್ಲ!" ಎಂದ.

ನಮ್ಮ ಬೀದಿಯವರ ಸ್ವಭಾವ ನಿಮಗೆ ಗೊತ್ತಿಲ್ಲ. ಯಾರಾದರೂ ಸೀನಿದರೆ ಎದುರು ಮನೆಯಿಂದ ಕಷಾಯ ಬರುತ್ತದೆ. ಗೌಸ್ ಸಾಬರು ಹತ್ತಿ ಮೆತ್ತಿದ ಅಂಗಿಯಲ್ಲೇ ಓಡಿ ಬಂದರು. ನಿವೃತ್ತ ಶಿಕ್ಷಕರಾದ ಅಜ್ಜಪ್ಪ ಮೇಷ್ಟ್ರು ಮಫ್ಲರು ಬಿಗಿದುಕೊಂಡು ಬಂದರು. ನಾನು ಶಟರು ಅರ್ಧ ಎತ್ತಿ ಬಂದೆ.

"ತಳ್ಳಾಣ ಬರ್ರಿ, ಅದಕ್ಕೇನಂತೆ!" ಎಂದರು ಸಾಬರು. "ನಾಗಣ್ಣ, ನೀನು ಸ್ಟೇರಿಂಗಿಗೆ ಕೂತ್ಕ."

ನಾಗಣ್ಣನ ಮುಖ ಬಿಳುಚಿತು. "ಛೇ ಛೇ! ನೀವೆಲ್ಲ ತಳ್ಳೋವಾಗ ನಾನು ಕುಂತ್ಕಳ್ಳೋದಾ? ಆಗಾಕಿಲ್ಲ. ಗಾಡಿ ನಂದು, ಮೊದಲ ಕೈ ನಂದು. ಲೇ ಇವ್ಳೇ, ನೀನು ಕೂತ್ಕ. ಸುಮ್ನೆ ಆ ಚಕ್ರ ಹಿಡ್ಕ, ಸಾಕು."

ಹೀಗೆ ಮುದ್ದಕ್ಕ ಕೈಯಲ್ಲಿದ್ದ ಸೌಟನ್ನು ಪಕ್ಕದ ಸೀಟಿನಲ್ಲಿಟ್ಟು ಸ್ಟೇರಿಂಗಿನ ಹಿಂದೆ ಕೂತಳು. ನಾವು ತಳ್ಳಿದೆವು. ಕಾರು ಮೂವತ್ತು ಅಡಿ ಓರೆಯಾಗಿ ಹೋಗಿ ಹಾಸಿಗೆ ಅಂಗಡಿಯ ಮುಂದೆ ನಿಂತಿತು. ಮರುದಿನ ಹಿಂದಕ್ಕೆ ತಳ್ಳಿ ಈ ಕಡೆ. ಅದರ ಮರುದಿನ ಮುಂದಕ್ಕೆ ತಳ್ಳಿ ಆ ಕಡೆ. ನಾಲ್ಕನೆಯ ದಿನಕ್ಕೆ ಇದೊಂದು ನಿತ್ಯಕರ್ಮವೇ ಆಯಿತು.

ಐದನೆಯ ದಿನ ಗೊಂದಲವಾಯಿತು.

ಗೌಸ್ ಸಾಬರ ತಾಯಿ ಹುಸೇನ್ ಬೀಯವರು ಬೀದಿಗೆ ಹಿರಿಯರು. ನಾಲ್ಕನೇ ತಾರೀಕು ಸಂಜೆ ಮಗ್ರಿಬ್ ನಮಾಜು ಮುಗಿಸಿ ಹೊರಗೆ ಬಂದವರು, ಕಾರು ತಮ್ಮ ಕಡೆಯೇ ಇರುವುದನ್ನು ಕಂಡು ಗಾಬರಿಯಾದರು. "ಅರೆ ಗೌಸ್! ಹೊತ್ತು ಮುಳುಗ್ತಲ್ಲೋ, ನಾಳೆ ಶುರುವಾಯ್ತು! ರಂಜಾನು ಚಂದ್ರ ಕಂಡ ಸಂಜೆಗೇ ಹಿಡಿಯಲ್ವಾ? ಪಾಪ, ನಾಗಣ್ಣ ಊರಲ್ಲಿಲ್ಲ, ದಾಟಿಸ್ರಿ." ಸಾಬರೂ ನಾನೂ ತಳ್ಳಿದೆವು. ಮುದ್ದಕ್ಕ ಕೂತಳು.

ಬೆಳಿಗ್ಗೆ ಅಜ್ಜಪ್ಪ ಮೇಷ್ಟ್ರು ವಾಯುವಿಹಾರ ಮುಗಿಸಿ, ಸೂರ್ಯನ ಮೊದಲ ಕಿರಣ ನೀರಿನ ಟ್ಯಾಂಕಿಗೆ ತಾಗುವುದನ್ನು ಕಣ್ಣಾರೆ ನೋಡಿ, "ಪಂಚಾಂಗದ ಪ್ರಕಾರ ದಿನ ಈಗ ಬದಲಾಯ್ತು" ಎಂದು ಹಾಲಿನವರಿಬ್ಬರನ್ನು ಕರೆದು ಕಾರನ್ನು ತಳ್ಳಿಸಿದರು. ಆಗಲೂ ಮುದ್ದಕ್ಕ ಕೂತಳು. ಹೀಗೆ ಐದನೇ ತಾರೀಕಿನಂದು ಕಾರು ಸಮಸಂಖ್ಯೆಯ ಕಡೆ ನಿಂತು, ಪೊಲೀಸ್ ಓಬಳೇಶಪ್ಪನ ಮೊದಲ ನೋಟಿಸನ್ನು ಗಾಜಿಗೆ ಅಂಟಿಸಿಕೊಂಡಿತು.

ಓಬಳೇಶಪ್ಪ ಬೀದಿಯ ಮಧ್ಯೆ ನಿಂತು ವಿಚಾರಣೆ ನಡೆಸಿದ. ಹುಸೇನ್ ಬೀಯವರು ದಿನ ಸಂಜೆಗೆ ಶುರು ಎಂದರು. ಮೇಷ್ಟ್ರು ಸೂರ್ಯೋದಯಕ್ಕೆ ಎಂದರು.

"ಬೀಯಮ್ಮಾ, ಮೇಷ್ಟ್ರೇ, ಇಬ್ಬರ ದಿನಾನೂ ಸರಿ. ಆದ್ರೆ ಈ ಬೋರ್ಡಿನ ದಿನ ರಾತ್ರಿ ಹನ್ನೆರಡಕ್ಕೆ ಶುರುವಾಗೋದು" ಎಂದ ಓಬಳೇಶಪ್ಪ.

"ಹನ್ನೆರಡಕ್ಕೆ ಯಾರಪ್ಪ ಎದ್ದಿರ್ತಾರೆ, ದಿನ ಬದಲಾಗೋದನ್ನ ನೋಡಾಕೆ?" ಎಂದರು ಹುಸೇನ್ ಬೀ. ಮೇಷ್ಟ್ರು ಅದನ್ನು ಅನುಮೋದಿಸಿದರು. ಓಬಳೇಶಪ್ಪ ರಾಜಿಗೆ ಬಂದ.

"ಹಂಗಾರೆ ಬೆಳಿಗ್ಗೆ ಏಳು ಗಂಟೆ ತಂಕ ನಾನು ಈ ಬೀದಿ ಕಡೆ ಬರಲ್ಲ. ಏಳಕ್ಕೆ ಸರಿ ಇರ್ಬೇಕು. ಮೂರನೇ ಸಲ ತಪ್ಪಿದ್ರೆ ಚಕ್ರಕ್ಕೆ ಬೀಗ. ಅದ್ಸರಿ ಮುದ್ದಕ್ಕಾರೆ, ನಿನ್ನೆ ಸಂಜೇನೇ ದಾಟಿಸಿದ್ದು ನಿಮಗೆ ಗೊತ್ತಿತ್ತು, ಬೆಳಿಗ್ಗೆ ಯಾಕೆ ಮತ್ತೆ ಹೋಗಿ ಕುಂತ್ರಿ?"

ಮುದ್ದಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೇಷ್ಟ್ರು ಕರೆದ್ರು, ಕೂತೆ. ಚೆನ್ನಾಗಿರ್ತೈತಪ್ಪ ಕೂತ್ರೆ."

ಆಗ ಸಾಬರ ಮಗಳು ಹುಮೇರಾ ಅವಳ ಮುಖವನ್ನು ಒಂದು ಥರಾ ನೋಡಿದ್ದು ನನಗೆ ನೆನಪಿದೆ. ಹುಮೇರಾ ಎಂದರೆ ಅಪ್ಪನ ಓಮ್ನಿಯಲ್ಲಿ ಹೊಸದುರ್ಗ, ಹಿರಿಯೂರಿನವರೆಗೂ ಹಾಸಿಗೆ ಮುಟ್ಟಿಸಿ ಬರುವ ಹುಡುಗಿ. ಹದಿನೆಂಟು ತುಂಬಿದ ತಿಂಗಳೇ ಲೈಸೆನ್ಸು ಮಾಡಿಸಿದವಳು.

ಅಂದಿನಿಂದ ಏಳು ಗಂಟೆಯ ತಳ್ಳಾಟ ಗಡಿಯಾರದಂತೆ ನಡೆಯಿತು. ನಾಗಣ್ಣ ಬೆಳಿಗ್ಗೆ ಕಾರು ತಳ್ಳಿ, ತಿಂಡಿ ತಿಂದು, ಅಭ್ಯಾಸ ಬಿಡಲಾರದೆ ಹನ್ನೊಂದಕ್ಕೆ ಲಾರಿ ಆಫೀಸಿಗೆ ಹೋಗಿ ನಾಲ್ಕಕ್ಕೆ ಬರುತ್ತಿದ್ದ. ಬಂದು ಕಾರು ಒರೆಸುವಾಗ ಅವನಿಗೆ ಕೆಲವು ವಿಚಿತ್ರಗಳು ಕಂಡವು.

"ಮೇಷ್ಟ್ರೇ, ನಿಂತಲ್ಲೇ ನಿಂತಿರೋ ಗಾಡಿ ಟೈರಿಗೆ ಇಷ್ಟು ಮಣ್ಣು ಎಲ್ಲಿಂದ ಬಂತು?"

ಮೇಷ್ಟ್ರು ಆಕಾಶ ನೋಡಿದರು. "ಈ ವರ್ಷ ಗಾಳಿ ಜಾಸ್ತಿ ಐತಪ್ಪ. ದುರ್ಗದ ಗುಡ್ಡದ ಮೇಲೆ ಕರೆಂಟು ತೆಗೆಯೋ ಆ ಗಾಳಿ ಫ್ಯಾನುಗಳು ಸುಮ್ನೆ ತಿರುಗ್ತಾವೇನು?"

"ಬಾನೆಟ್ಟು ಬೆಚ್ಚಗೈತಲ್ಲ, ಸಾಬ್ರೇ?"

"ಬಿಸಿಲು, ನಾಗಣ್ಣ, ಬಿಸಿಲು! ನನ್ನ ಹತ್ತೀನೂ ಬೆಚ್ಚಗೈತೆ, ಮುಟ್ಟಿ ನೋಡು."

ನಾಗಣ್ಣ ಹತ್ತಿಯನ್ನು ಮುಟ್ಟಿ ನೋಡಿ, ಬೆಚ್ಚಗಿದೆ ಎಂದು ಒಪ್ಪಿ ಒಳಗೆ ಹೋದ. ಟೈರುಗಳ ಪಕ್ಕ ನೆಲದಲ್ಲಿ ಯಾರೋ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದಿದ್ದನ್ನೂ ನೋಡಿದ. ಪಂಚಾಯಿತಿಯವರ ಕೆಲಸವಿರಬೇಕು ಎಂದುಕೊಂಡ.

ತಿಂಗಳು ಸವೆಯಿತು. ಒಂದು ಬೆಳಿಗ್ಗೆ ತಳ್ಳುವುದು ತುಸು ತಡವಾಗಿ ಓಬಳೇಶಪ್ಪನ ಎರಡನೆಯ ನೋಟಿಸೂ ಬಂತು. ನಾಗಣ್ಣನಿಗೆ ನಿದ್ದೆ ಕಡಿಮೆಯಾಯಿತು. ನನ್ನ ಅಂಗಡಿಗೆ ಬಂದು ಕೂತು, "ಒಂದು ಮಾತು ಹೇಳ್ಬೇಕಾಗಿತ್ತು ಕಣಪ್ಪ" ಎನ್ನುವನು. "ಹೇಳು ನಾಗಣ್ಣ" ಎಂದರೆ, "ಏನಿಲ್ಲ, ಆಧಾರ್ ಕಾರ್ಡಿಂದು ಒಂದು ಜೆರಾಕ್ಸ್ ಕೊಡು" ಎನ್ನುವನು. ಹಾಗೆ ಆ ತಿಂಗಳು ಅವನು ಹನ್ನೊಂದು ಆಧಾರ್ ಪ್ರತಿ ತೆಗೆಸಿದ.

ಫೆಬ್ರವರಿ ಒಂದು ಬಂತು. ಹತ್ತೂವರೆಗೆ ಬಿ.ದುರ್ಗದಲ್ಲಿ ಪೂಜೆ. ಮುದ್ದಕ್ಕ ಹಸಿರು ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಕನಕಾಂಬರ ಮುಡಿದು ಬಂದಳು. ನಾಗಣ್ಣ ಯೋಜನೆ ಸಿದ್ಧ ಮಾಡಿಕೊಂಡಿದ್ದ: ಮಾಮೂಲಿಯಂತೆ ತಳ್ಳುವುದು, ಕೊನೇ ಗಳಿಗೆಯಲ್ಲಿ ತಲೆಗೆ ಕೈ ಕೊಟ್ಟು "ಸ್ಟಾರ್ಟೇ ಆಗ್ತಿಲ್ಲ" ಎನ್ನುವುದು, ಒಂಬತ್ತರ ಬಸ್ಸು ಹಿಡಿಯುವುದು.

ಏಳಕ್ಕೆ ಐದು ನಿಮಿಷವಿದ್ದಾಗ ಎಲ್ಲರೂ ಸೇರಿದೆವು. ನಿನ್ನೆ ಈ ಕಡೆ ಇತ್ತು, ಅಂದಮೇಲೆ ಇವತ್ತು ಆ ಕಡೆ. ಐಸಾ ಎಂದು ತಳ್ಳಿದೆವು. ಕಾರು ಹಾಸಿಗೆ ಅಂಗಡಿಯ ಮುಂದೆ, ಸುಣ್ಣದ ಗೆರೆಗೆ ಸರಿಯಾಗಿ ನಿಂತಿತು. ಟೀ ಕುಡಿದೆವು. ಗ್ಲಾಸು ತೊಳೆದಿಡುವಷ್ಟರಲ್ಲಿ ಓಬಳೇಶಪ್ಪ ಬಂದವನೇ ಮುಂದಿನ ಚಕ್ರಕ್ಕೆ ಹಳದಿ ಬೀಗ ಹಾಕಿದ.

"ಏ ಏ! ಏಳಕ್ಕೆ ಸರಿಯಾಗಿ ದಾಟಿಸೀವಲ್ಲೋ!" ಎಂದು ನಾವೆಲ್ಲ ಕೂಗಿದೆವು.

"ನಿನ್ನೆ ತಾರೀಕೆಷ್ಟು ಮೇಷ್ಟ್ರೇ?"

"ಮೂವತ್ತೊಂದು."

"ಸಮವೋ ಬೆಸವೋ?"

"ಬೆಸ."

"ಇವತ್ತು?"

ನಲವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು ಮಫ್ಲರಿನಿಂದ ಮುಖ ಒರೆಸಿಕೊಂಡರು. "ಒಂದು. ಅದೂ ಬೆಸವೇ. ಅಯ್ಯೋ ನನ್ನ ಬುದ್ಧೀಗೆ! ಇವತ್ತು ತಳ್ಳೋ ಹಂಗೇ ಇರಲಿಲ್ಲ!"

ಒಂದು ತಿಂಗಳು ದಿನ ತಪ್ಪದೆ ತಳ್ಳಿದವರು, ತಳ್ಳಬಾರದ ಒಂದೇ ಒಂದು ದಿನವೂ ತಳ್ಳಿದ್ದೆವು.

ಓಬಳೇಶಪ್ಪನ ಹಿಂದೆ ಕಸದ ಟ್ರ್ಯಾಕ್ಟರು ಹಗ್ಗ ಹೊತ್ತು ನಿಂತಿತ್ತು. "ನಾಗಣ್ಣಾರೆ, ನನಗೂ ಬೇಜಾರೇ. ಆದ್ರೆ ಮೇಲಿನೋರು ಕೇಳ್ತಾರೆ. ಗಾಡಿ ಓಡೋ ಸ್ಥಿತೀಲಿ ಇದ್ರೆ ದಂಡದ ರಸೀದಿ ತಗಳ್ರಿ, ನೀವೇ ಸ್ಟಾರ್ಟ್ ಮಾಡಿ ಓಡಿಸ್ಕಂಡ್ ಹೋಗ್ರಿ, ಬೀಗ ತೆಗಿತೀನಿ. ಕೆಟ್ಟ ಗಾಡಿ ಆದ್ರೆ ಸ್ಟೇಷನ್ ಹಿಂದಕ್ಕೆ ಎಳಸ್ಬೇಕು. ಎರಡ್ರಲ್ಲಿ ಒಂದು ಹೇಳ್ರಿ. ಇವತ್ತು ತಳ್ಳೋದು ಮಾತ್ರ ಇಲ್ಲ."

ಬೀದಿಗೆ ಬೀದಿಯೇ ನಾಗಣ್ಣನ ಮುಖ ನೋಡಿತು. ಅವನು ಕಾರು ನೋಡಿದ, ಹಗ್ಗ ನೋಡಿದ, ಕೊನೆಗೆ ಹಸಿರು ಸೀರೆಯಲ್ಲಿ, ಮುಯ್ಯಿಗೆಂದು ಒಯ್ಯಲಿದ್ದ ಹಿತ್ತಾಳೆ ಕೊಡವನ್ನು ಅಪ್ಪಿಕೊಂಡು ನಿಂತಿದ್ದ ಮುದ್ದಕ್ಕನನ್ನು ನೋಡಿದ. ಜೇಬಿಗೆ ಕೈ ಹಾಕಿ ಆ ಸಣ್ಣ ಕೊಳವೆಯನ್ನು ಹೊರಗೆ ತೆಗೆದ.

"ಗಾಡಿ ಕೆಟ್ಟಿಲ್ಲ. ನಾನೇ ಇದನ್ನ ಕಿತ್ತಿಟ್ಕಂಡಿದ್ದೆ" ಎಂದ. ಅವನ ಧ್ವನಿ ಚಿಕ್ಕದಾಯಿತು. "ನನಗೆ ಗಾಡಿ ಓಡಿಸಾಕೆ ಬರಲ್ಲ. ಯಾವತ್ತೂ ಬರ್ತಿರಲಿಲ್ಲ. ಎತ್ತಪ್ಪ ಹೇಳಿದಾಗ ಬಾಯಲ್ಲಿ ಉಪ್ಪಿಟ್ಟಿತ್ತು. ಆಮೇಲೆ... ಆಮೇಲೆ ನಿಮ್ಮಪ್ಪಯ್ಯ ಅಷ್ಟು ಖುಷಿಯಾಗಿ ಊರಿಗೆಲ್ಲ ಹೇಳ್ಕಂಡ್ ಬಂದ್ರು. ಹೇಳಾಕೆ ಬಾಯೇ ಬರ್ಲಿಲ್ಲ ಕಣೇ."

ಯಾರೂ ಹೌಹಾರಲಿಲ್ಲ.

ಹುಸೇನ್ ಬೀಯವರು ಎಲೆ ಅಡಿಕೆ ಮೆಲ್ಲುತ್ತ, "ಅದು ಎಲ್ಲಾರ್ಗೂ ಗೊತ್ತೈತಪ್ಪ. ಮುಂದೆ ಹೇಳು" ಎಂದರು.

"ಗೊ... ಗೊತ್ತೈತಾ?"

"ಸ್ಟೇರಿಂಗ್ ಹಿಡಿ ಅಂದ್ರೆ ಓಡಿ ಹೋಗಿ ಡಿಕ್ಕಿ ಹಿಡಿಯೋ ಡ್ರೈವರ್ ಎಲ್ಲಾದ್ರೂ ಇರ್ತಾನೇನಪ್ಪ?" ಎಂದರು ಮೇಷ್ಟ್ರು.

ಹುಮೇರಾ ಕೊಳವೆಯನ್ನು ಇಸಿದುಕೊಂಡು ನೋಡಿ ನಕ್ಕಳು. "ದೊಡ್ಡಪ್ಪಾ, ಇದು ಗಾಜು ತೊಳೆಯೋ ನೀರಿನ ಪೈಪು. ಇದನ್ನ ಕಿತ್ರೆ ಗಾಡಿ ನಿಲ್ಲಲ್ಲ. ಗಾಜಿಗೆ ನೀರು ಬರಲ್ಲ, ಅಷ್ಟೇ."

"ಅಂದ್ರೆ ಇಷ್ಟು ದಿನ ಗಾಡಿ..."

"ಚೆನ್ನಾಗೇ ಇತ್ತು."

"ಗೊತ್ತಿದ್ದೂ ದಿನಾ ತಳ್ಳಿದ್ರಾ? ನೀವೆಲ್ಲ?"

ಗೌಸ್ ಸಾಬರು ಅಂಗಿಗೆ ಮೆತ್ತಿದ ಹತ್ತಿಯನ್ನು ಬಹಳ ಶ್ರದ್ಧೆಯಿಂದ ಬಿಡಿಸತೊಡಗಿದರು. "ಟೀ ಚೆನ್ನಾಗಿರ್ತಿತ್ತಪ್ಪ" ಎಂದರು.

ಆಗ ಮುದ್ದಕ್ಕ ಕೊಡವನ್ನು ಗಂಡನ ಕೈಗೆ ಕೊಟ್ಟಳು. ಸೊಂಟದ ಎಲೆ ಅಡಿಕೆ ಚೀಲದಿಂದ ಒಂದು ಕಾಗದ ತೆಗೆದು ಓಬಳೇಶಪ್ಪನ ಮುಂದೆ ಹಿಡಿದಳು. ಕಲಿಯುವವರಿಗೆ ಕೊಡುವ ಎಲ್.ಎಲ್.ಆರ್. ಅದರ ಮೇಲೆ ಮುದ್ದಕ್ಕನ ಫೋಟೊ, ದಿಗಿಲು ಬಿದ್ದ ಕಣ್ಣು. ಅದನ್ನು ಪ್ರಿಂಟು ತೆಗೆದು ಲ್ಯಾಮಿನೇಷನ್ ಮಾಡಿದ್ದು ಯಾರ ಅಂಗಡಿಯಲ್ಲಿ ಎಂದು ನಾನು ಹೇಳಬೇಕಾಗಿಲ್ಲ. ನಾಗಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಎರಡನೇ ಆಧಾರ್ ಪ್ರತಿಗೆ ಕಾಯುತ್ತಿದ್ದಾಗ ಅದು ಮೆಷಿನ್ನಿನಿಂದ ಬಿಸಿಬಿಸಿಯಾಗಿ ಹೊರಗೆ ಬಂದಿತ್ತು. ನಾನು ಅದರ ಮೇಲೆ ಕ್ಯಾಲೆಂಡರು ಮುಚ್ಚಿದ್ದೆ.

"ನೀನು... ನೀನು ಯಾವಾಗ..." ಎಂದ ನಾಗಣ್ಣ.

"ನೀವು ಆಫೀಸಿಗೆ ಹೋದಾಗ. ಹುಮೇರಾ ಪಕ್ಕದಲ್ಲಿ ಕೂರ್ತಿದ್ಲು. ಜಾಜೂರು ರಸ್ತೆ ತಂಕ ಹೋಗಿ ಬರ್ತಿದ್ವಿ. ಸಾಬ್ರು ಗೆರೆ ಎಳೆದಿಡ್ತಿದ್ರು, ವಾಪಸ್ಸು ಅದೇ ಜಾಗಕ್ಕೆ ನಿಲ್ಸಾಕೆ."

"ಮತ್ತೆ ನನಗೆ ಹೇಳ್ಬಾರ್ದಿತ್ತೇನೇ!"

"ನೀವು ಹೇಳ್ಲಿ ಅಂತ ಕಾಯ್ತಿದ್ದೆ ಕಣ್ರಿ" ಎಂದಳು ಮುದ್ದಕ್ಕ. "ಮೂವತ್ತಾರು ವರ್ಷ ಕಾದೋಳು. ಇವತ್ತು ಬಸ್‌ಸ್ಟ್ಯಾಂಡ್ ತಂಕ ಕಾಯಾಣ ಅನ್ಕಂಡಿದ್ದೆ. ಬೀಗ ಬಿದ್ದಿದ್ದು ಒಳ್ಳೇದೇ ಆಯ್ತು."

ಓಬಳೇಶಪ್ಪ ಕಾಗದವನ್ನು ಮೂರು ಸಲ ಓದಿದ. ಹುಮೇರಾಳ ಲೈಸೆನ್ಸು ನೋಡಿದ. ರಸೀದಿ ಹರಿದ. ಬೀಗ ತೆಗೆದ. ಸಾಬರು ಅಂಗಡಿಯೊಳಗಿಂದ ಕೆಂಪು 'ಎಲ್' ಬರೆದ ಎರಡು ಚೀಟಿ ತಂದು ಗಾಜಿಗೆ ಅಂಟಿಸಿದರು. ಎರಡು ವಾರದಿಂದ ಅವು ಒಂದು ಹಾಸಿಗೆಯ ಕೆಳಗೆ ಅಡಗಿದ್ದವು. ಮುದ್ದಕ್ಕ ಸೆರಗು ಸಿಕ್ಕಿಸಿ ಕೂತಳು. ಹುಮೇರಾ ಪಕ್ಕಕ್ಕೆ. ನಾಗಣ್ಣ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ತನಗೆ ಚೆನ್ನಾಗಿ ಪರಿಚಯವಿದ್ದ ಹಿಂದಿನ ಸೀಟಿನಲ್ಲಿ ಕೂತ. ಕಾರು ಒಮ್ಮೆ ಕೆಮ್ಮಿ, ಒಮ್ಮೆ ಜಿಗಿದು ಹೊರಟಿತು. ಕಸದ ಟ್ರ್ಯಾಕ್ಟರಿನವನು ದಾರಿ ಬಿಟ್ಟ.

ಬಿ.ದುರ್ಗದಲ್ಲಿ ನಡೆದದ್ದನ್ನು ಆಮೇಲೆ ಹುಮೇರಾ ಹೇಳಿದಳು. ಕಾರು ನೇರ ಹೊಸ ಮನೆಯ ಬಾಗಿಲ ತನಕ ಹೋಗಿ, ಚಪ್ಪರದ ಒಂದು ಬಾಳೆಕಂಬಕ್ಕೆ ಮೆಲ್ಲಗೆ ತಾಗಿ ನಿಂತಿತಂತೆ. ಕಾಟಲಿಂಗಪ್ಪ ಓಡಿ ಬಂದು, ಹಿಂದಿನ ಸೀಟು ನೋಡಿ, ಮುಂದಿನ ಸೀಟು ನೋಡಿ, "ಭಾವ, ಇದೇನಿದು? ಓಡಿಸಿದ್ದು ಯಾರು?" ಎಂದನಂತೆ. ಒಳಗಿಂದ ಯಾರೋ ಆಗಲೇ ನಾಗಣ್ಣನ ಬಾಯಿಗೆ ಸಿಹಿ ತುರುಕಿದ್ದರು. ಅವನು ಅವಸರ ಮಾಡಲಿಲ್ಲವಂತೆ. ನಿಂತು, ಪೂರ್ತಿ ಅಗಿದು, ನುಂಗಿ, ಬಾಯಿ ಒರೆಸಿಕೊಂಡು, ಚಪ್ಪರದವರಿಗೆಲ್ಲ ಕೇಳುವಂತೆ ಹೇಳಿದನಂತೆ: "ನಿಮ್ಮಕ್ಕ ಕಣೋ. ನನಗೆ ಬರಲ್ಲ."

ಮುದ್ದಕ್ಕ ಆಗ ಕೀಲಿ ಕೈಯಲ್ಲಿ ಹಿಡಿದು, ಅಪ್ಪ ಕೂರುತ್ತಿದ್ದ ಹಳೇ ಮನೆಯ ಜಗುಲಿಯ ಕಡೆ ತಿರುಗಿ ನೋಡಿದಳಂತೆ. ಆಮೇಲೆ ಹೋಗಿ ಬಡಿಸಲು ನಿಂತಳಂತೆ.

ಸಂಜೆ ವಾಪಸ್ಸು ಬಂದು ಕಾರನ್ನು ಮನೆ ಕಡೆಯೇ ನಿಲ್ಲಿಸಿದರು. ತಾರೀಕು ಒಂದು, ಬೆಸ. ಹುಸೇನ್ ಬೀಯವರು ಮಗ್ರಿಬ್ ಆಯಿತೆಂದು ಬಾಗಿಲಿಗೆ ಬಂದು ಕಾರನ್ನು ನೋಡಿ, ತಳ್ಳುವವರನ್ನು ಕೂಗದೆ ಒಳಗೆ ಹೋದರು.

ಮರುದಿನ ಎರಡು. ಏಳಕ್ಕೆ ಐದು ನಿಮಿಷವಿದ್ದಾಗ ನಾನು ಶಟರು ಅರ್ಧ ಎತ್ತಿ ಹೊರಗೆ ಬಂದೆ. ಇನ್ನು ತಳ್ಳಬೇಕಿಲ್ಲ ಎಂದು ನನಗೆ ಗೊತ್ತಿತ್ತು. ನೋಡಿದರೆ ಮೇಷ್ಟ್ರು ಮಫ್ಲರಿನೊಂದಿಗೆ ನಿಂತಿದ್ದರು. ಗೌಸ್ ಸಾಬರು ಹತ್ತಿಯೊಂದಿಗೆ ನಿಂತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುದ್ದಕ್ಕ ಬಂದು ಕೂತು ಕೀಲಿ ತಿರುಗಿಸಿದಳು. ಹುಮೇರಾ ಪಕ್ಕದಲ್ಲಿ ಕೂತಳು. ಇಂಜಿನ್ನು ಗುರ್ ಎಂದಿತು. ನಾಗಣ್ಣ ಮನೆಯೊಳಗಿಂದ ಓಡಿ ಬಂದವನೇ, "ತಡಿಯೇ, ತಡಿ!" ಎಂದು ಕಾರಿನ ಹಿಂದೆ ಹೋಗಿ ಎರಡೂ ಕೈ ಇಟ್ಟ. ಮೊದಲ ಕೈ ಅವನದೇ. ಆಮೇಲೆ ನಮ್ಮವು.

ಕಾರು ತಾನಾಗಿಯೇ ಹೋಗುತ್ತಿತ್ತು. ನಾವು ಕೈ ಇಟ್ಟುಕೊಂಡೇ ಹಿಂದೆ ನಡೆದೆವು, ಮೂವತ್ತು ಅಡಿ, ಸುಣ್ಣದ ಗೆರೆಯ ತನಕ. ಮುದ್ದಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಟೀ ಇಟ್ಟೀನಿ, ಯಾರೂ ಹೋಗ್ಬ್ಯಾಡ್ರಿ!"